ಆ ವಿಜ್ಞಾನಿ ಯಾರ ಕಾಲೇಜಿನವರು? ಮಂಗಳೂರು–ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಮೊದಲ ವಾರಗಳಲ್ಲಿ ಇಲ್ಲಿ ಹುಲಿವೇಷದ ತಾಸೆ ಸದ್ದು, ಅಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಘೋಷಣೆ. ಸೋಮವಾರ ವೈದ್ಯಕೀಯ, ಮಂಗಳವಾರ ಭೌತಶಾಸ್ತ್ರ, ಬುಧವಾರ ರಸಾಯನಶಾಸ್ತ್ರ. ಗುರುವಾರದ ಹೊತ್ತಿಗೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಜಗಳ ಶುರು. ನಮ್ಮ ಕಾಲೇಜಿನವರು ಯಾರುಂಟು, ನಿಮ್ಮವರು ಯಾರುಂಟು? ಮೇ ತಿಂಗಳಲ್ಲಿ ಅಡ್ಮಿಷನ್ ಶುರುವಾದರೆ ಅದೇ ಹೆಸರುಗಳು ಫ್ಲೆಕ್ಸ್ ಹತ್ತಿ ಕೂರುತ್ತವೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ, ಅದನ್ನು ಮುಚ್ಚಿಡುವುದಿಲ್ಲ.

ಪ್ರಶಸ್ತಿ ಬಂದ ವಿಜ್ಞಾನಿಯನ್ನು "ನಮ್ಮವರು" ಎನ್ನಲು ಯಾವ ವಿವಿಗೆ ಹಕ್ಕು?

ವಿಜ್ಞಾನದ ನೊಬೆಲ್ ಕೊಡುವುದು ವ್ಯಕ್ತಿಗೆ, ವಿಶ್ವವಿದ್ಯಾಲಯಕ್ಕಲ್ಲ. ಘೋಷಣೆಯಲ್ಲಿ ಹೆಸರಿನ ಜೊತೆ ಆ ಹೊತ್ತಿಗೆ ಅವರು ಇರುವ ಸಂಸ್ಥೆಯ ಹೆಸರು ಹಾಕುತ್ತಾರೆ, ಅಷ್ಟೇ. ಉಳಿದದ್ದೆಲ್ಲ ಅವರವರೇ ಮಾಡಿಕೊಂಡ ಲೆಕ್ಕ. ಹುಟ್ಟಿದ ಊರಿನವರು ಒಂದು ಹೇಳುತ್ತಾರೆ, ಓದಿಸಿದ ಕಾಲೇಜು ಇನ್ನೊಂದು ಹೇಳುತ್ತದೆ. ಸಂಶೋಧನೆ ನಡೆದ ಲ್ಯಾಬ್‌ನವರು ಮತ್ತೊಂದು, ಪ್ರಶಸ್ತಿ ಬಂದ ದಿನ ಸಂಬಳ ಕೊಡುತ್ತಿದ್ದವರು ಮಗದೊಂದು.

ಸಿ.ವಿ. ರಾಮನ್ ಅವರನ್ನೇ ನೋಡಿ. ಓದಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, 1907ರಲ್ಲಿ ಎಂ.ಎ. ಆಮೇಲೆ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಸರ್ಕಾರಿ ಕೆಲಸ. ಆಫೀಸ್ ಮುಗಿಸಿ ಸಂಜೆ ಹೊತ್ತು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆಯಲ್ಲಿ ಪ್ರಯೋಗ. ಅದು ವಿಶ್ವವಿದ್ಯಾಲಯವೇ ಅಲ್ಲ, 1876ರಲ್ಲಿ ಒಬ್ಬ ವೈದ್ಯರು ಕಟ್ಟಿದ ಸಂಘ. 1917ರಲ್ಲಿ ಅವರು ಕಲ್ಕತ್ತಾ ವಿವಿಯ ಪ್ರೊಫೆಸರ್ ಆದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಆ ಸಂಘದ ಲ್ಯಾಬ್‌ನಲ್ಲಿ. 1930ರಲ್ಲಿ ನೊಬೆಲ್ ಬಂದಾಗ ಪಟ್ಟಿಯಲ್ಲಿ ಸೇರಿದ್ದು ಕಲ್ಕತ್ತಾ ವಿವಿಯ ಹೆಸರು. ಬೆಂಗಳೂರಿನ ಐಐಎಸ್‌ಸಿಗೆ ಅವರು ನಿರ್ದೇಶಕರಾಗಿ ಬಂದದ್ದು 1933ರಲ್ಲಿ, ಅಂದರೆ ಮೆಡಲ್ ಕೈಗೆ ಬಂದು ಮೂರು ವರ್ಷದ ಮೇಲೆ. ಈಗ ಹೇಳಿ, ರಾಮನ್ ಯಾರವರು?

ಕಂಬಳದಲ್ಲಿ ಕೋಣ ಗೆದ್ದರೆ ಮೈಕ್‌ನಲ್ಲಿ ಯಜಮಾನರ ಹೆಸರೂ ಕೂಗುತ್ತಾರೆ, ಓಡಿಸಿದವರ ಹೆಸರೂ ಕೂಗುತ್ತಾರೆ. ಯಾರ ಪಾಲು ಎಷ್ಟು ಎಂದು ಗದ್ದೆ ಬದಿಯಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ವಿವಿಗಳ ಪ್ರಕಟಣೆಯಲ್ಲಿ ಈ ಪಾಲನ್ನೇ ಹೇಳುವುದಿಲ್ಲ, ತಕರಾರು ಅಲ್ಲೇ. ನನ್ನನ್ನು ಕೇಳಿದರೆ ಮೊದಲ ಪಾಲು ಕೆಲಸ ನಡೆಯುವಾಗ ಜಾಗ ಕೊಟ್ಟವರಿಗೆ. ರಾಮನ್ ವಿಷಯದಲ್ಲಿ ಆಫೀಸ್ ಹೊತ್ತು ಮುಗಿಸಿ ಬಂದವರಿಗೆ ಬಾಗಿಲು ತೆರೆದ ಆ ಸಂಘಕ್ಕೆ.

ಯು.ಆರ್. ರಾವ್ ನಮ್ಮ ಉಡುಪಿಯವರೇ ಅಲ್ವಾ?

ಹೌದು, ಅದರಲ್ಲಿ ಎರಡು ಮಾತಿಲ್ಲ. ಉಪಗ್ರಹ ವಿಜ್ಞಾನಿ ಉಡುಪಿ ರಾಮಚಂದ್ರ ರಾವ್ ಹುಟ್ಟಿದ್ದು 1932ರ ಮಾರ್ಚ್ 10ರಂದು ಅದಮಾರಿನಲ್ಲಿ, ಹೈಸ್ಕೂಲ್ ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಅಲ್ಲಿಗೆ ನಮ್ಮ ಪಾಲು ಮುಗಿಯಿತು. ಇಂಟರ್‌ಮೀಡಿಯೆಟ್ ಬಳ್ಳಾರಿಯಲ್ಲಿ, ಬಿ.ಎಸ್ಸಿ ಅನಂತಪುರದಲ್ಲಿ, ಎಂ.ಎಸ್ಸಿ ಬನಾರಸ್ ಹಿಂದೂ ವಿವಿಯಲ್ಲಿ. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯ ಪಿಆರ್‌ಎಲ್‌ನಲ್ಲಿ ವಿಕ್ರಮ್ ಸಾರಾಭಾಯಿ ಕೈಕೆಳಗೆ ಪಿಎಚ್‌ಡಿ, ಆಮೇಲೆ ಅಮೆರಿಕದ ಎಂಐಟಿ ಮತ್ತು ಡಲ್ಲಾಸ್. ತಿರುಗಿ ಬಂದು 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದರು, 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. 1976ರಲ್ಲಿ ಪದ್ಮಭೂಷಣ, 2017ರಲ್ಲಿ ಪದ್ಮವಿಭೂಷಣ. 2013ರಲ್ಲಿ ವಾಷಿಂಗ್ಟನ್ನಿನ ಸ್ಯಾಟಲೈಟ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಭಾರತೀಯ.

ಉಡುಪಿಯ ಯಾವ ಕಾಲೇಜೂ ಅವರನ್ನು ಹಳೆ ವಿದ್ಯಾರ್ಥಿ ಎನ್ನುವ ಹಾಗಿಲ್ಲ. ಎಂಜಿಎಂ ಕಾಲೇಜು ಶುರುವಾದದ್ದು 1949ರಲ್ಲಿ, ಆಗ ಅವರು ಊರು ಬಿಟ್ಟಾಗಿತ್ತು. ಪೂರ್ಣಪ್ರಜ್ಞ ಕಾಲೇಜಿಗೂ ಅದಮಾರು ಮಠಕ್ಕೂ ನಂಟುಂಟು, ಆದ್ದರಿಂದ ಅಲ್ಲೇ ಓದಿದ್ದು ಎಂದು ಕೆಲವರು ಅಂದುಕೊಳ್ಳುತ್ತಾರೆ. ಆ ಕಾಲೇಜು ಶುರುವಾದದ್ದು 1960ರಲ್ಲಿ. ರಾವ್ ಅವರಿಗೆ ಪಿಎಚ್‌ಡಿ ಸಿಕ್ಕ ವರ್ಷವೂ ಅದೇ!

ಅಂದಮಾತ್ರಕ್ಕೆ ಉಡುಪಿಯವರು ಹೆಮ್ಮೆ ಪಡಬಾರದು ಅಂತಲ್ಲ. ಊರಿನ ಹೆಮ್ಮೆ ಊರಿನದ್ದು. ಕಾಲೇಜಿನ ಪ್ರಾಸ್ಪೆಕ್ಟಸ್ ಬೇರೆ.

ನಮ್ಮ ಕಾಲೇಜಿನಲ್ಲಿ ಓದಿದವರ ಸರ್ಟಿಫಿಕೇಟ್‌ನಲ್ಲಿ ಬೇರೆ ವಿವಿಯ ಹೆಸರು ಇರುತ್ತದಲ್ಲ? ಆಗ ಹೆಮ್ಮೆ ಯಾರಿಗೆ?

ನಮ್ಮ ಕರಾವಳಿಯ ನಿಜವಾದ ಗೋಜಲು ಇದೇ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ವಿವಿ ಬಂತು. ಕೊಣಾಜೆಯಲ್ಲಿ ಮಂಗಳೂರು ವಿವಿ ಹುಟ್ಟಿದ್ದು 1980ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಅದು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ.

ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ತಲೆಮಾರುಗಳಿಂದ ಓದಿದ ಒಂದು ಮನೆ ಇದೆ ಅಂದುಕೊಳ್ಳಿ. ಅಜ್ಜ 1950ರಲ್ಲಿ ಪಾಸಾದರೆ ಮದ್ರಾಸ್ ವಿವಿಯ ಮೊಹರು. ಅಪ್ಪ 1975ರಲ್ಲಿ, ಮೈಸೂರಿನದು. ಮಗಳು 2000ದಲ್ಲಿ, ಮಂಗಳೂರಿನದು. 2024ರಲ್ಲಿ ಅಲೋಶಿಯಸ್ ತಾನೇ ಡೀಮ್ಡ್ ವಿವಿ ಆಯಿತು, ಆದ್ದರಿಂದ ಮೊಮ್ಮಗನಿಗೆ ಕಾಲೇಜಿನದ್ದೇ ಮೊಹರು. ಕಟ್ಟಡ ಅದೇ, ಮೆಟ್ಟಿಲು ಅದೇ.

ಮೈಕ್ರೋಸಾಫ್ಟ್ ಕಂಪನಿಯ ಸತ್ಯ ನಾದೆಲ್ಲ ವಿಜ್ಞಾನಿ ಅಲ್ಲ, ಆದರೂ ಈ ಮಾತಿಗೆ ಅವರಷ್ಟು ಒಳ್ಳೆಯ ಉದಾಹರಣೆ ಇಲ್ಲ. 1988ರಲ್ಲಿ ಮಣಿಪಾಲದ ಎಂಐಟಿಯಿಂದ (ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರು. ಮಣಿಪಾಲ ಡೀಮ್ಡ್ ವಿವಿ ಆದದ್ದು 1993ರಲ್ಲಿ. ಅಂದರೆ ಅವರ ಡಿಗ್ರಿ ಕಾಗದದಲ್ಲಿ ಮಂಗಳೂರು ವಿವಿ. ಪಾಠ ಹೇಳಿದ್ದು ಮಣಿಪಾಲ, ಪರೀಕ್ಷೆ ನಡೆಸಿ ಸಹಿ ಹಾಕಿದ್ದು ಕೊಣಾಜೆ. ನಾನಾದರೆ ಪಾಠ ಹೇಳಿದವರ ಕಡೆ. ಆದರೆ ಕೊಣಾಜೆಯವರು ಒಂದು ಸಾಲು ಹಾಕಿಕೊಂಡರೂ ಅದು ಸುಳ್ಳಲ್ಲ.

ಇನ್ನೊಂದು ತಮಾಷೆ ಕೇಳಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಅದು ಮೊದಲು ಬೆಂಗಳೂರಿನ ಕೃಷಿ ವಿವಿ ಕೆಳಗಿತ್ತು, ಈಗ ಬೀದರ್‌ನ ಪಶು ವಿವಿ ಕೆಳಗಿದೆ. ಸಮುದ್ರದಿಂದ ಅಷ್ಟು ದೂರದ ಜಿಲ್ಲೆ ರಾಜ್ಯದಲ್ಲಿ ಬೇರೆ ಉಂಟಾ? ಇಲ್ಲಿನ ಸಿಗಡಿ ಸಂಶೋಧಕರಿಗೆ ನಾಳೆ ದೊಡ್ಡ ಪ್ರಶಸ್ತಿ ಬಂದರೆ ಪಟಾಕಿ ಹೊಡೆಯಬೇಕಾದದ್ದು ಬೀದರ್‌ನಲ್ಲಿ.

ಸುರತ್ಕಲ್, ಕೊಣಾಜೆ ಇಬ್ಬರೂ ಹೇಳಿಕೊಳ್ಳಬಹುದಾದ ವಿಜ್ಞಾನಿ ಯಾರಾದರೂ ಇದ್ದಾರಾ?

ಇದ್ದಾರೆ, ಉಲ್ಲಾಸ ಕಾರಂತರು. ಹುಲಿ ಎಣಿಕೆಗೆ ಕ್ಯಾಮೆರಾ ಟ್ರ್ಯಾಪ್ ಮತ್ತು ಸಂಖ್ಯಾಶಾಸ್ತ್ರ ಸೇರಿಸಿ ಗಟ್ಟಿ ದಾರಿ ಹಾಕಿಕೊಟ್ಟ ವನ್ಯಜೀವಿ ವಿಜ್ಞಾನಿ. ಹುಟ್ಟಿದ್ದು ಪುತ್ತೂರಿನಲ್ಲಿ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಆಗ ಅದರ ಡಿಗ್ರಿ ಮೈಸೂರು ವಿವಿಯದ್ದು, ಈಗ ಅದೇ ಕಾಲೇಜು ಎನ್‌ಐಟಿಕೆ. ಫ್ಲಾರಿಡಾದಲ್ಲಿ ವನ್ಯಜೀವಿ ವಿಷಯದಲ್ಲಿ ಮಾಸ್ಟರ್ಸ್ ಮಾಡಿ, ಪಿಎಚ್‌ಡಿಗೆ ಮಂಗಳೂರು ವಿವಿಗೆ ಬಂದರು. 2007ರಲ್ಲಿ ಜೆ. ಪಾಲ್ ಗೆಟ್ಟಿ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ.

ಹುಲಿಯ ಕೆಲಸ ನಡೆದದ್ದು ಮಾತ್ರ ಕ್ಯಾಂಪಸ್‌ನಲ್ಲಿ ಅಲ್ಲ, ನಾಗರಹೊಳೆಯ ಕಾಡಿನಲ್ಲಿ. ಕಾಡಿಗೆ ಫ್ಲೆಕ್ಸ್ ಹಾಕುವವರು ಇಲ್ಲವಲ್ಲ, ಪುಣ್ಯ.

ಹೊರಗಿನ ದೊಡ್ಡ ವಿವಿಗಳು ನೊಬೆಲ್ ಲೆಕ್ಕ ಹೇಗೆ ಹಾಕುತ್ತವೆ?

ಒಬ್ಬೊಬ್ಬರದು ಒಂದೊಂದು ಕ್ರಮ. ಓದಿದವರು, ಪಾಠ ಮಾಡಿದವರು, ನಾಲ್ಕು ದಿನ ಅತಿಥಿಯಾಗಿ ಬಂದವರು, ಎಲ್ಲರನ್ನೂ ಸೇರಿಸಿದರೆ ಪಟ್ಟಿ ಉದ್ದವಾಗುತ್ತದೆ. ಹಾರ್ವರ್ಡ್‌ಗೆ ಸಂಬಂಧಪಟ್ಟವರು ಎಂದು ಬೇರೆಯವರು ಮಾಡುವ ಪಟ್ಟಿಗಳಲ್ಲಿ ಸಂಖ್ಯೆ ನೂರೈವತ್ತು ದಾಟುತ್ತದೆ, ಹಾರ್ವರ್ಡ್ ತಾನೇ ಎಣಿಸಿಕೊಳ್ಳುವುದು ಅದಕ್ಕಿಂತ ಬಹಳ ಕಡಿಮೆ. ಕೇಂಬ್ರಿಡ್ಜ್‌ನ ಟ್ರಿನಿಟಿ ಎಂಬ ಒಂದೇ ಕಾಲೇಜು 34 ನೊಬೆಲ್ ತನ್ನದು ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೊಬೆಲ್ ಬಂದ ಪ್ರೊಫೆಸರ್‌ಗೆ ಕ್ಯಾಂಪಸ್‌ನಲ್ಲಿ ಕಾರ್ ನಿಲ್ಲಿಸಲು ಕಾಯಂ ಜಾಗ ಕೊಡುತ್ತಾರೆ. ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಕೆಲವರನ್ನಂತೂ ಯಾವ ಲೆಕ್ಕಕ್ಕೂ ಹಾಕಲು ಬರುವುದಿಲ್ಲ. ಎಸ್. ಚಂದ್ರಶೇಖರ್ ಅವರಿಗೆ ನಕ್ಷತ್ರಗಳ ತೂಕದ ಮಿತಿಯ ಯೋಚನೆ ಬಂದದ್ದು 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಮದ್ರಾಸ್ ಬಿಟ್ಟಾಗಿತ್ತು, ಕೇಂಬ್ರಿಡ್ಜ್ ಮುಟ್ಟಿರಲಿಲ್ಲ. 1983ರಲ್ಲಿ ನೊಬೆಲ್ ಬಂದಾಗ ಹೆಸರಿನ ಮುಂದೆ ಶಿಕಾಗೊ.

ಇಷ್ಟೊಂದು ಪೈಪೋಟಿ ಯಾಕೆ? ಬರೀ ಹೆಮ್ಮೆಗಾ?

ಹೆಮ್ಮೆಗೆ ಮಾತ್ರ ಅಲ್ಲ, ರ್‍ಯಾಂಕಿಂಗ್‌ಗೂ. 2003ರಿಂದ ಬರುತ್ತಿರುವ ಶಾಂಘೈ ಪಟ್ಟಿಯಲ್ಲಿ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಮೆಡಲ್‌ಗೆ ಒಟ್ಟು ಶೇ. 30 ಅಂಕ. ಅಲ್ಲಿ ಡಿಗ್ರಿ ಪಡೆದವರಿಂದ ಶೇ. 10, ಪ್ರಶಸ್ತಿ ಬಂದಾಗ ಅಲ್ಲಿ ಕೆಲಸದಲ್ಲಿದ್ದವರಿಂದ ಶೇ. 20. ಹಳೆಯದಾದಷ್ಟೂ ಬೆಲೆ ಕಡಿಮೆ, ಹತ್ತು ವರ್ಷಕ್ಕೆ ಶೇ. 10ರಂತೆ ಇಳಿಸುತ್ತಾ ಬರುತ್ತಾರೆ. ಒಬ್ಬರು ಎರಡು ಸಂಸ್ಥೆಯಲ್ಲಿದ್ದರೆ ಅಂಕ ಹಂಚಿಕೆ.

ಈ ಪಟ್ಟಿಯಿಂದ ಬರ್ಲಿನ್‌ನಲ್ಲಿ ಆಸ್ತಿ ಜಗಳವೇ ಆಯಿತು. ಐನ್‌ಸ್ಟೈನ್‌ಗೆ 1921ರ ನೊಬೆಲ್ ಬಂದಾಗ ಅವರು ಬರ್ಲಿನ್‌ನಲ್ಲಿದ್ದರು. ಎರಡನೇ ಮಹಾಯುದ್ಧದ ನಂತರ ಊರು ಎರಡಾಯಿತು. ಪೂರ್ವದಲ್ಲಿ ಹಳೆ ಕಟ್ಟಡದಲ್ಲಿ ಹುಂಬೋಲ್ಟ್ ವಿವಿ, ಪಶ್ಚಿಮದಲ್ಲಿ 1948ರಲ್ಲಿ ಹೊಸದಾಗಿ ಕಟ್ಟಿದ ಫ್ರೀ ಯೂನಿವರ್ಸಿಟಿ. ಹಳೆ ಬರ್ಲಿನ್ ವಿವಿಯ ನೊಬೆಲ್‌ಗಳು ಯಾರಿಗೆ ಸೇರಬೇಕು? ಇಬ್ಬರೂ ನಮಗೇ ಎಂದರು. ಅಂಕ ಯಾವ ಕಡೆ ಹೋಗುತ್ತದೋ ಆ ವಿವಿ ಪಟ್ಟಿಯಲ್ಲಿ ಮೇಲೆ, ಇನ್ನೊಂದು ಕೆಳಗೆ. ಕೊನೆಗೆ ಪಟ್ಟಿ ಮಾಡುವವರು ಕೆಲವು ವರ್ಷ ಇಬ್ಬರನ್ನೂ ಹೊರಗೇ ಇಟ್ಟರು.

ನಮ್ಮ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಎಂಬ ರ್‍ಯಾಂಕಿಂಗ್ ಪಟ್ಟಿಯಲ್ಲಿ ನೊಬೆಲ್‌ಗೆ ಅಂತ ಅಂಕ ಇಲ್ಲ. ಪಾಠ, ಸಂಶೋಧನೆ, ಫಲಿತಾಂಶ, ಎಲ್ಲ ಬಗೆಯವರಿಗೆ ಅವಕಾಶ, ಜನಾಭಿಪ್ರಾಯ ಹೀಗೆ ಐದು ಭಾಗ.

ಇದ್ದಾಗ ಕಡೆಗಣಿಸಿ, ಪ್ರಶಸ್ತಿ ಬಂದ ಮೇಲೆ ಹಾರ ಹಾಕುವುದು ಎಲ್ಲ ಕಡೆ ಉಂಟಾ?

ಉಂಟು ಮಾರಾಯ್ರೆ! ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗೆ ಅಡಿಪಾಯ ಹಾಕಿದ ಕಟಾಲಿನ್ ಕಾರಿಕೊ ಅವರನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿವಿ 1995ರಲ್ಲಿ ಕೆಳಗಿನ ಹುದ್ದೆಗೆ ಇಳಿಸಿತ್ತು. ಸಂಶೋಧನೆಗೆ ಹಣ ತರುತ್ತಿಲ್ಲ ಎಂಬುದೇ ದೂರು. 2023ರಲ್ಲಿ ಅವರಿಗೂ ಡ್ರೂ ವೈಸ್‌ಮನ್‌ಗೂ ನೊಬೆಲ್ ಬಂತು. ಅದೇ ವಿವಿ ಸಂಭ್ರಮದಿಂದ ಇಬ್ಬರನ್ನೂ ತನ್ನವರೆಂದಿತು. ಇಬ್ಬರೂ ಸೇರಿ ಕೆಲಸ ಮಾಡಿದ್ದು ಅಲ್ಲೇ, ಆದ್ದರಿಂದ ಅದು ಸುಳ್ಳಲ್ಲ. ಆದರೆ ಆ ಸಂಭ್ರಮದ ಪತ್ರದಲ್ಲಿ 1995ರ ಕಥೆಗೂ ಒಂದು ಸಾಲು ಬೇಕಿತ್ತು ಅಂತ ನನಗೆ ಅನಿಸುತ್ತದೆ.

ವೆಂಕಿ ರಾಮಕೃಷ್ಣನ್ ಅವರದು ಇನ್ನೊಂದು ಥರ. 2009ರಲ್ಲಿ ನೊಬೆಲ್ ಬಂದ ಕೂಡಲೇ ಭಾರತದಿಂದ ಅವರಿಗೆ ಇ-ಮೇಲ್‌ಗಳ ಮಳೆ. ಅವರು ಹುಟ್ಟಿದ್ದು ಚಿದಂಬರಂನಲ್ಲಿ, ಮೂರನೇ ವಯಸ್ಸಿಗೇ ಆ ಊರು ಬಿಟ್ಟವರು. ಬಿ.ಎಸ್ಸಿ ಬರೋಡದಲ್ಲಿ. ಆದರೂ ಅಣ್ಣಾಮಲೈ ವಿವಿಯಲ್ಲಿ ತಾನು ಅವರಿಗೆ ಪಾಠ ಮಾಡಿದ್ದೆ ಎನ್ನುವವರೂ ಹುಟ್ಟಿಕೊಂಡರು. ಆ ವಿವಿಗೆ ಅವರು ಸೇರಿಯೇ ಇರಲಿಲ್ಲ. ಅವರು ಬೇಸರದಿಂದ ಇದನ್ನು ಬಹಿರಂಗವಾಗಿಯೇ ಹೇಳಿದರು.

ನಮ್ಮ ಊರಿನ ಒಬ್ಬರು "ನೊಬೆಲ್‌ಗೆ ನಾಮಿನೇಟ್ ಆಗಿದ್ದಾರೆ" ಎಂದು ಫ್ಲೆಕ್ಸ್ ನೋಡಿದೆ. ನಿಜವೇ?

ನಂಬಬೇಡಿ. ನೊಬೆಲ್ ನಾಮನಿರ್ದೇಶನದ ದಾಖಲೆಗಳನ್ನು 50 ವರ್ಷ ಗುಟ್ಟಾಗಿ ಇಡುತ್ತಾರೆ. ಈ ವರ್ಷ ಯಾರ ಹೆಸರು ಹೋಗಿದೆ ಎಂದು ಸಮಿತಿ ಹೇಳುವುದಿಲ್ಲ. ಹೆಸರು ಕಳಿಸುವ ಅರ್ಹತೆ ಇರುವವರು ಜಗತ್ತಿನಲ್ಲಿ ಸಾವಿರಾರು ಮಂದಿ. ಯಾರೋ ಒಬ್ಬರು ಪತ್ರ ಕಳಿಸಿರಬಹುದು, ಅದು ಗೌರವದ ಪದವಿ ಅಲ್ಲ.

"ಜಗತ್ತಿನ ಟಾಪ್ ಶೇ. 2 ವಿಜ್ಞಾನಿಗಳು" ಅಂತ ಪೇಪರ್‌ನಲ್ಲಿ ಪ್ರತಿ ವರ್ಷ ಬರುತ್ತದಲ್ಲ, ಅದು ಪ್ರಶಸ್ತಿಯಾ?

ಅಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯೊನಿಡಿಸ್ ಮತ್ತು ಜೊತೆಯವರು ಒಬ್ಬರ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿ ಮಾಡುವ ಪಟ್ಟಿ ಅದು. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಆಯ್ಕೆ ಮಾಡುವುದಿಲ್ಲ, ಸ್ಟ್ಯಾನ್‌ಫರ್ಡ್ ಯಾರಿಗೂ ಶಾಲು ಹೊದಿಸುವುದಿಲ್ಲ. ಪಟ್ಟಿಯಲ್ಲಿ ಎರಡು ಬಗೆ: ಇಡೀ ವೃತ್ತಿಜೀವನದ ಲೆಕ್ಕ ಒಂದು, ಒಂದೇ ವರ್ಷದ ಲೆಕ್ಕ ಇನ್ನೊಂದು. ಎರಡರ ತೂಕ ಬೇರೆ. ನಮ್ಮ ಕಡೆಯ ಪತ್ರಿಕಾ ಪ್ರಕಟಣೆಗಳಲ್ಲಿ ಯಾವುದು ಎಂದು ಹೇಳುವುದು ಕಡಿಮೆ.

ಉಲ್ಲೇಖಕ್ಕೆ ಬೆಲೆ ಬಂದ ಮೇಲೆ ಪ್ರಬಂಧದಲ್ಲಿ ಯಾವ ವಿವಿಯ ಹೆಸರಿದೆ ಎಂಬುದಕ್ಕೂ ಬೆಲೆ ಬಂತು. ಹೆಚ್ಚು ಉಲ್ಲೇಖ ಇರುವ ಒಬ್ಬ ರಸಾಯನ ವಿಜ್ಞಾನಿ ಬೇರೆ ದೇಶಗಳ ವಿವಿಗಳ ಹೆಸರನ್ನೂ ತನ್ನ ಪ್ರಬಂಧಗಳಲ್ಲಿ ಹಾಕುತ್ತಿದ್ದರೆಂದು ಸ್ಪೇನ್‌ನ ಕೊರ್ಡೊಬಾ ವಿವಿ ಅವರನ್ನು 13 ವರ್ಷ ಸಂಬಳವಿಲ್ಲದೆ ಅಮಾನತು ಮಾಡಿತು. 2023ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು.

ಘಟಿಕೋತ್ಸವದಲ್ಲಿ ಗೌರವ ಡಾಕ್ಟರೇಟ್ ಕೊಟ್ಟರೆ ಆ ವಿಜ್ಞಾನಿ ಆ ವಿವಿಯವರಾಗುತ್ತಾರಾ?

ಇಲ್ಲ. ಊಟ ಹಾಕಿ ಕಳಿಸಿದ ಹಾಗೆ, ನೆಂಟರು ಮನೆಯವರಾಗುವುದಿಲ್ಲ.

ನಮ್ಮ ಕರಾವಳಿಯ ಲ್ಯಾಬ್‌ಗೆ ಯಾಕೆ ನೊಬೆಲ್ ಬಂದಿಲ್ಲ?

ಕರಾವಳಿಗೆ ಯಾಕೆ, ಇಡೀ ದೇಶದ ಕಥೆಯೇ ಹಾಗೆ. ಭಾರತದ ನೆಲದಲ್ಲಿ ನಡೆದ ಕೆಲಸಕ್ಕೆ ಬಂದ ವಿಜ್ಞಾನದ ನೊಬೆಲ್ ಎರಡು. ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ದು ಮಲೇರಿಯಾ ಹರಡುವ ಬಗೆ ಹಿಡಿದ ಬ್ರಿಟಿಷ್ ಸೇನಾ ವೈದ್ಯ ರೊನಾಲ್ಡ್ ರಾಸ್ ಅವರಿಗೆ 1902ರಲ್ಲಿ, ರಾಮನ್ ಅವರಿಗೆ 1930ರಲ್ಲಿ. 1968ರಲ್ಲಿ ವೈದ್ಯಕೀಯ ನೊಬೆಲ್ ಬಂದ ಹರಗೋಬಿಂದ್ ಖೊರಾನ, ಚಂದ್ರಶೇಖರ್, ವೆಂಕಿ ಮೂವರ ಕೆಲಸವೂ ಹೊರಗಿನದ್ದು.

ನಮ್ಮ ಕಡೆಯ ಕಾಲೇಜುಗಳು ಹುಟ್ಟಿದ್ದು ಡಾಕ್ಟರು, ಎಂಜಿನಿಯರು, ಬ್ಯಾಂಕಿನವರು, ಮೇಷ್ಟ್ರುಗಳನ್ನು ತಯಾರು ಮಾಡಲು. ಆ ಕೆಲಸವನ್ನು ಚೆನ್ನಾಗಿಯೇ ಮಾಡಿವೆ. ಸಂಶೋಧನೆಗೆ ಬೇರೆಯದೇ ತಾಳ್ಮೆ ಬೇಕು. ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಲೇಸರ್ ಬಗ್ಗೆ ಪ್ರಬಂಧ ಬರೆದದ್ದು 1985ರಲ್ಲಿ, ರೊಚೆಸ್ಟರ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ. ನೊಬೆಲ್ ಬಂದದ್ದು 2018ರಲ್ಲಿ, ಕೆನಡಾದ ವಾಟರ್ಲೂನಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಿದ್ದಾಗ. 33 ವರ್ಷ! ಇವತ್ತು ಕೊಣಾಜೆಯಲ್ಲಿ ಅಂಥ ಕೆಲಸ ನಡೆದರೂ ಫ್ಲೆಕ್ಸ್ ಹಾಕುವವರು ಈಗ ಎಲ್‌ಕೆಜಿಯಲ್ಲಿ ಇರಬೇಕು.

ನನಗೆ ಬೇಸರ ಆಗುವುದು ನೊಬೆಲ್ ಇಲ್ಲದ್ದಕ್ಕಲ್ಲ. ಇಲ್ಲೇ ನಡೆದ ಕೆಲಸ ಊರಿಗೆ ಗೊತ್ತಿಲ್ಲದ್ದಕ್ಕೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನ ಜ್ವರ ನಿಪಾ ವೈರಸ್‌ನದ್ದು ಎಂದು ಮೊದಲು ಪತ್ತೆ ಮಾಡಿದ್ದು ಮಣಿಪಾಲದ ವೈರಸ್ ಲ್ಯಾಬ್, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಆಮೇಲೆ ಖಚಿತಪಡಿಸಿತು. ಕೊಣಾಜೆಯಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ ಯಂತ್ರ ಉಂಟು, 8 ಎಂಇವಿ ಶಕ್ತಿಯದ್ದು. ಸ್ಟೇಟ್‌ಬ್ಯಾಂಕ್‌ನಿಂದ ಕೊಣಾಜೆ ಬಸ್ ಹತ್ತುವ ಎಷ್ಟು ಮಂದಿಗೆ ಇದು ಗೊತ್ತು?

ಹಾಗಾದರೆ ನಮ್ಮಲ್ಲಿ ಯಾವ ಪ್ರಶಸ್ತಿ ನೋಡಬೇಕು?

ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ನೋಡಿ. 1958ರಿಂದ ಕೊಡುತ್ತಿದ್ದಾರೆ, 45ರೊಳಗಿನ ವಿಜ್ಞಾನಿಗಳಿಗೆ. ಹಿಂದಿನ ಐದು ವರ್ಷಗಳಲ್ಲಿ ಮುಖ್ಯವಾಗಿ ಭಾರತದಲ್ಲೇ ಮಾಡಿದ ಕೆಲಸವನ್ನು ನೋಡುವುದು ಅದರ ಹಳೆಯ ಪದ್ಧತಿ. ಈಗ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಒಂದು ಭಾಗ.

ಮಗಳನ್ನು ಬಿ.ಎಸ್ಸಿಗೆ ಸೇರಿಸಬೇಕು. ದೊಡ್ಡ ವಿಜ್ಞಾನಿಗಳ ಫೋಟೋ ಜಾಸ್ತಿ ಇರುವ ಕಾಲೇಜೇ ಒಳ್ಳೆಯದಾ?

ಫೋಟೋ ಗೋಡೆಯ ಮೇಲಿರುತ್ತದೆ, ಪಾಠ ಮಾಡುವುದಿಲ್ಲ. ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಆಫೀಸ್‌ಗೆ ಮಾತ್ರ ಅಲ್ಲ, ಲ್ಯಾಬ್‌ಗೂ. ಮಧ್ಯಾಹ್ನ ನಾಲ್ಕರ ಮೇಲೆ ಲ್ಯಾಬ್ ತೆರೆದಿರುತ್ತದಾ ಕೇಳಿ. ಬಿ.ಎಸ್ಸಿ ಮಕ್ಕಳು ಉಪಕರಣ ಮುಟ್ಟುತ್ತಾರಾ, ಅಥವಾ ಗಾಜಿನ ಆಚೆಯಿಂದ ನೋಡುತ್ತಾರಾ? ಈಗ ಯಾವ ಅಧ್ಯಾಪಕರ ಬಳಿ ಪ್ರಾಜೆಕ್ಟ್ ನಡೆಯುತ್ತಿದೆ, ಪಿಎಚ್‌ಡಿ ವಿದ್ಯಾರ್ಥಿಗಳು ಯಾರಿದ್ದಾರೆ? ಈ ಪ್ರಶ್ನೆಗೆ ಅಡ್ಮಿಷನ್ ಕೌಂಟರ್‌ನವರು ಮುಖ ಮುಖ ನೋಡಿಕೊಂಡರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಹಿಂದಿನ ವರ್ಷದ ಎಷ್ಟು ಮಕ್ಕಳು ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹೋದರು ಎಂದೂ ಕೇಳಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ (1934ರಲ್ಲಿ ರಾಮನ್ ಅವರೇ ಕಟ್ಟಿದ್ದು) ಉಳಿದೆರಡು ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಎರಡು ತಿಂಗಳು ದೊಡ್ಡ ಲ್ಯಾಬ್‌ಗಳಿಗೆ ಕಳಿಸುತ್ತದೆ. ದೊಡ್ಡ ಕಾಲೇಜಿನವರೇ ಆಗಬೇಕು ಅಂತಿಲ್ಲ. ಕಾರ್ಕಳ, ಕುಂದಾಪುರದ ಮಕ್ಕಳೂ ಅರ್ಜಿ ಹಾಕಬಹುದು. ಅರ್ಜಿ ಹಾಕಿ ಎಂದು ನೆನಪಿಸುವ ಒಬ್ಬ ಅಧ್ಯಾಪಕರಿದ್ದರೆ ಆ ಕಾಲೇಜಿಗೆ ಸೇರಿಸಿ.

ಕ್ವಿಝ್‌ನಲ್ಲಿ "ರಾಮನ್ ಯಾವ ವಿವಿಯವರು?" ಎಂದು ಕೇಳಿದರೆ ಏನು ಬರೆಯಲಿ?

"ಓದಿದ್ದಾ, ದುಡಿದದ್ದಾ?" ಎಂದು ತಿರುಗಿ ಕೇಳಿ. ಕ್ವಿಝ್ ಮಾಸ್ಟರ್ ಸಿಟ್ಟಾದರೆ ಕಲ್ಕತ್ತಾ ಎಂದು ಬರೆಯಿರಿ. ನೊಬೆಲ್ ಪಟ್ಟಿಯಲ್ಲಿ ಇರುವುದು ಅದೇ, ಅಂಕ ಕಳೆಯಲು ಬರುವುದಿಲ್ಲ.